ಕೂದಲೆಳೆಯ ಕಿಂಡಿ

ಮಡಕೆಗೆ ತೂತು ಬಿದ್ದರೆ ಅದರೊಳಗಿನ ನೀರೇ ಹೊರಗೆ ಬಂದು ಚಾಡಿ ಹೇಳುತ್ತದೆ. ಮಾಳಿಗೆ ಸೋರಿದರೆ ಮಲಗಿದವರ ಮೂಗಿನ ಮೇಲೆ ಹನಿ ಬಿದ್ದು ಎಚ್ಚರಿಸುತ್ತದೆ. ಆದರೆ ಗಾಳಿ ಸೋರುವ ಕಿಂಡಿಗೆ ಬಾಯಿಲ್ಲ. ಅದು ನೆಲವನ್ನು ತೋಯಿಸುವುದಿಲ್ಲ, ಗೋಡೆಗೆ ಕಲೆ ಹಚ್ಚುವುದಿಲ್ಲ; ತನ್ನ ಪಾಡಿಗೆ ತಾನು ಅಡಗಿ ಕುಳಿತು, ತಪ್ಪನ್ನು ಮತ್ತಾರ ಮೇಲೆಯೋ ಹೊರಿಸುತ್ತದೆ. ಕುಕ್ಕರಿನ ರಬ್ಬರ್ ಗ್ಯಾಸ್ಕೆಟ್ ಗಡುಸಾದ ದಿನ ಗೃಹಿಣಿ ಮೊದಲು ಬೈಯುವುದು ಬೇಳೆಯನ್ನು, ತರುವಾಯ ಒಲೆಯನ್ನು, ಕಟ್ಟಕಡೆಗೆ ಆ ಬೇಳೆಯನ್ನು ಕೊಂಡುತಂದ ಯಜಮಾನರನ್ನು. ಅಷ್ಟು ಹೊತ್ತೂ ನಿಜವಾದ ಅಪರಾಧಿ ಮುಚ್ಚಳದ ಅಂಚಿನಲ್ಲಿ ಸಾಧುವಿನಂತೆ ಕುಳಿತಿರುತ್ತದೆ.

ಈ ಮೌನಿ ಅಪರಾಧಿಯ ಲೀಲೆಯನ್ನು ಪೂರ್ಣವಾಗಿ ನೋಡಬೇಕೆಂದಿದ್ದರೆ ಒಂದು ಆಟದ ಲಾರಿಯ ಹತ್ತಿರ ಹೋಗಬೇಕು. ಆಟದ ಲಾರಿ ಎಂದರೆ ಕೀಲಿ ಕೊಟ್ಟು ಬಿಡುವ ತಗಡಿನ ಗೊಂಬೆಯಲ್ಲ. ಒಂದೂವರೆ ಅಡಿ ಉದ್ದದ ಮೈ, ಮುಷ್ಟಿಗಿಂತ ದೊಡ್ಡ ನಾಲ್ಕು ಗಾಲಿ, ಒಳಗೆ ನಿಜವಾಗಿಯೂ ಉರಿದು ತಿರುಗುವ ಎಂಜಿನ್. ಒಡೆಯ ದೂರದಲ್ಲಿ ನಿಂತು ಕೈಯಲ್ಲಿರುವ ರೇಡಿಯೋ ಯಂತ್ರದಿಂದ ಆಜ್ಞೆ ಕೊಟ್ಟರೆ ಈ ಪುಟ್ಟ ರಾಕ್ಷಸ ಮಣ್ಣಿನ ದಿಬ್ಬಗಳ ಮೇಲೆ ಹಾರಿ ಗಂಟೆಗೆ 70 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಓಡುತ್ತದೆ. ಅಮೆರಿಕ, ಜಪಾನ್ ಮತ್ತು ಯೂರೋಪಿನ ದೇಶಗಳಲ್ಲಿ ಇದು ದೊಡ್ಡವರ ಆಟ. ಟೆಕ್ಸಾಸ್ ರಾಜ್ಯದ ಟ್ರ್ಯಾಕ್ಸಸ್ ಸಂಸ್ಥೆ 1999ರಲ್ಲಿ ಹೊರತಂದ ‘ಟಿ-ಮ್ಯಾಕ್ಸ್’ ಎಂಬ ಲಾರಿ ಈ ಆಟವನ್ನು ಸಾವಿರಾರು ಮನೆಗಳ ಹಿತ್ತಿಲಿಗೆ ಕೊಂಡೊಯ್ದಿತು. ಇತ್ತೀಚಿನ ವರ್ಷಗಳಲ್ಲಿ ವಿದ್ಯುತ್ ಮೋಟಾರೂ ಲಿಥಿಯಂ ಬ್ಯಾಟರಿಯೂ ಈ ಕ್ಷೇತ್ರದ ಬಹುಭಾಗವನ್ನು ಆಕ್ರಮಿಸಿಕೊಂಡಿವೆ. ಆದರೂ ಹೊಗೆ, ಸದ್ದು, ಎಣ್ಣೆಯ ವಾಸನೆ ಇಲ್ಲದಿದ್ದರೆ ಅದೂ ಒಂದು ಎಂಜಿನ್ನೇ ಎಂದು ಮೂಗು ಮುರಿಯುವ ರಸಿಕರು ಇನ್ನೂ ಉಳಿದಿದ್ದಾರೆ.

ಚಮಚದಷ್ಟು ಹೊಟ್ಟೆ, ಚಂಡಮಾರುತದ ಉಸಿರು

ಇಂಥ ಎಂಜಿನ್ನಿನ ಹೊಟ್ಟೆಯ ಅಳತೆ ಎಷ್ಟು? ಒಂದು ಪ್ರಸಿದ್ಧ ಮಾದರಿಯಲ್ಲಿ ಕೇವಲ 3.3 ಘನ ಸೆಂಟಿಮೀಟರ್. ಮಗುವಿಗೆ ಔಷಧ ಕುಡಿಸುವ ಚಮಚವೂ ಇದಕ್ಕಿಂತ ದೊಡ್ಡದು. ಆದರೆ ಇದರ ಉಸಿರಾಟ ಮಾತ್ರ ಭಯಂಕರವಾದುದು. ನಿಮಿಷಕ್ಕೆ 30,000 ಸುತ್ತು ಎಂದರೆ ಸೆಕೆಂಡಿಗೆ 500 ಸುತ್ತು. ಒಂದೊಂದು ಸುತ್ತಿಗೂ ಒಂದು ಉಚ್ಛ್ವಾಸ, ಒಂದು ನಿಶ್ವಾಸ. ಕಣ್ಣು ಒಂದು ಸಲ ಮುಚ್ಚಿ ತೆರೆಯುವಷ್ಟರಲ್ಲಿ ಅದು ನೂರಕ್ಕೂ ಹೆಚ್ಚು ಸಲ ಉಸಿರಾಡಿರುತ್ತದೆ.

ಅದು ಕುಡಿಯುವುದು ಪೆಟ್ರೋಲನ್ನಲ್ಲ. ಮೆಥನಾಲ್ ಎಂಬ ಮದ್ಯಸಾರ ಅದರ ಮುಖ್ಯ ಆಹಾರ. ಅದಕ್ಕೆ ನೂರಕ್ಕೆ 10ರಿಂದ 33 ಪಾಲಿನವರೆಗೆ ನೈಟ್ರೋಮೀಥೇನ್ ಬೆರೆಸುತ್ತಾರೆ. ಹಿಂದಿ ಸಿನಿಮಾದ ಹೆಸರಿನಂತೆ ‘ನೈಟ್ರೋ’ ಎಂಬ ಅಬ್ಬರದ ಹೆಸರು ಈ ಎಂಜಿನ್ನಿಗೆ ಬಂದುದು ಅದರಿಂದಲೇ. ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಮೆಥನಾಲಿಗೆ ಸುಮಾರು 6.5 ಪಾಲು ಸಾಕು, ನೈಟ್ರೋಮೀಥೇನಿಗೆ 1.7 ಪಾಲು ಸಾಕು. ಅದು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುವ ನೆಂಟನಂತೆ ತನ್ನ ಅಣುವಿನಲ್ಲಿಯೇ ಆಮ್ಲಜನಕವನ್ನು ಹೊತ್ತು ಬರುತ್ತದೆ. ಆದ್ದರಿಂದ ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನವನ್ನು ಉರಿಸಿ ಹೆಚ್ಚು ಬಲವನ್ನು ಪಡೆಯಬಹುದು.

ಮೂರನೆಯ ಪಾಲು ಎಣ್ಣೆ. ಈ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಜಾರಿಕೆಗೆ ಬೇಕಾದ ಎಣ್ಣೆಯೆಲ್ಲವೂ ಇಂಧನದೊಡನೆಯೇ ಬರಬೇಕು. ಆ ಎಣ್ಣೆಯಲ್ಲಿ ಕನ್ನಡಿಗರ ಮನೆಯ ಹಳೆಯ ಪರಿಚಯಸ್ಥನೊಬ್ಬನಿದ್ದಾನೆ: ಹರಳೆಣ್ಣೆ. ಅಜ್ಜಿಯರು ಮಕ್ಕಳ ನೆತ್ತಿಗೆ ತಟ್ಟುತ್ತಿದ್ದ, ಬೇಡವೆಂದರೂ ಬಾಯಿಗೆ ಸುರಿಯುತ್ತಿದ್ದ ಅದೇ ಹರಳೆಣ್ಣೆ! ಸಾಮಾನ್ಯ ಖನಿಜ ತೈಲಗಳು ಮೆಥನಾಲಿನಲ್ಲಿ ಕರಗುವುದಿಲ್ಲ, ಹರಳೆಣ್ಣೆ ಕರಗುತ್ತದೆ. ಕಾವು ಮಿತಿ ಮೀರಿದಾಗಲೂ ಲೋಹಕ್ಕೆ ಅಂಟಿಕೊಂಡಿರುವ ಗುಣ ಅದಕ್ಕಿದೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ ನೋಮ್, ಲ ರೋನ್ ಮುಂತಾದ ವಿಮಾನದ ಎಂಜಿನ್ನುಗಳು ಉರಿಸಿದುದೂ ಇದನ್ನೇ. ಇಂದಿನ ಮಿಶ್ರಣಗಳಲ್ಲಿ ಕೃತಕ ತೈಲಗಳು ಸೇರಿದ್ದರೂ ಹರಳೆಣ್ಣೆಗೆ ಇನ್ನೂ ಪೀಠ ತಪ್ಪಿಲ್ಲ.

ಇನ್ನು ಕಿಡಿ ಹೊತ್ತಿಸುವ ಏರ್ಪಾಡು. ಪ್ಲಾಟಿನಂ ತಂತಿಯನ್ನು ಕಾಯಿಸಿ ಉರಿಯಬಲ್ಲ ಆವಿಯಲ್ಲಿ ಹಿಡಿದರೆ ಜ್ವಾಲೆಯಿಲ್ಲದೆಯೇ ಅದು ಕೆಂಪಗೆ ಹೊಳೆಯುತ್ತಲೇ ಇರುವುದನ್ನು ಹಂಫ್ರಿ ಡೇವಿ 1817ರಲ್ಲಿ ತೋರಿಸಿದ್ದನು. 1940ರ ದಶಕದಲ್ಲಿ ಅಮೆರಿಕದ ರೇ ಆರ್ಡನ್ ಎಂಬಾತ ಆ ಗುಣವನ್ನು ಪುಟ್ಟ ಎಂಜಿನ್ನಿಗೆ ಅಳವಡಿಸಿ ‘ಗ್ಲೋ ಪ್ಲಗ್’ ಎಂಬ ವಸ್ತುವನ್ನು ಮಾಡಿದನು. ಹೊರಡುವಾಗ ಮಾತ್ರ ಒಂದೂವರೆ ವೋಲ್ಟಿನಷ್ಟು ವಿದ್ಯುತ್ ಕೊಟ್ಟು ತಂತಿಯನ್ನು ಕಾಯಿಸಬೇಕು. ಒಮ್ಮೆ ಎಂಜಿನ್ ನಡೆಯತೊಡಗಿತೆಂದರೆ ಮೆಥನಾಲಿನ ಆವಿಯೇ ತಂತಿಯ ಕೆಂಪನ್ನು ಕಾಪಾಡುತ್ತದೆ.

ತೂತು ಬಿದ್ದ ತಿದಿ

ಈ ಎಂಜಿನ್ ಎರಡು ಹೊಡೆತದ್ದು, ಅಂದರೆ ಟೂ-ಸ್ಟ್ರೋಕ್. ಪಿಸ್ಟನ್ನು ಮೇಲಕ್ಕೆ ಹೋದಾಗ ಕೆಳಗಿನ ಕ್ರ್ಯಾಂಕ್ ಕೇಸಿನಲ್ಲಿ ಗಾಳಿಯ ಒತ್ತಡ ತಗ್ಗುತ್ತದೆ. ಆ ಎಳೆತಕ್ಕೆ ಕಾರ್ಬ್ಯುರೇಟರಿನಿಂದ ಇಂಧನ ಬೆರೆತ ಗಾಳಿ ಟೊಳ್ಳು ಕ್ರ್ಯಾಂಕಿನ ಮೂಲಕ ಒಳಗೆ ನುಗ್ಗುತ್ತದೆ. ಪಿಸ್ಟನ್ನು ಕೆಳಗಿಳಿದಾಗ ಅದೇ ಮಿಶ್ರಣ ಒತ್ತಲ್ಪಟ್ಟು ಪಕ್ಕದ ದಾರಿಗಳಿಂದ ಸಿಲಿಂಡರಿನ ಮೇಲ್ಭಾಗವನ್ನು ಸೇರುತ್ತದೆ. ಕಮ್ಮಾರನ ತಿದಿಯನ್ನು ನೋಡಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಎಂಜಿನ್ನಿನ ಕೆಳ ಹೊಟ್ಟೆಯೇ ಒಂದು ತಿದಿ. ತಿದಿಯ ಚರ್ಮಕ್ಕೆ ತೂತು ಬಿದ್ದರೆ ಕುಲುಮೆಯ ಗತಿ ಏನಾಗುತ್ತದೆಯೋ ಇಲ್ಲಿಯೂ ಅದೇ ಗತಿ.

ಆದರೆ ಒಂದು ಭೇದವುಂಟು. ತಿದಿಯ ತೂತಿನಿಂದ ಗಾಳಿ ವ್ಯರ್ಥವಾಗಿ ಹೊರಗೆ ಹೋದರೆ ಇಲ್ಲಿ ಬೇಡದ ಗಾಳಿ ಒಳಗೆ ಬರುತ್ತದೆ. ಕಾರ್ಬ್ಯುರೇಟರಿನ ಹೆಬ್ಬಾಗಿಲಿನಿಂದ ಬರುವ ಗಾಳಿ ತನ್ನ ಪಾಲಿನ ಇಂಧನವನ್ನು ಹೊತ್ತು ಬರುತ್ತದೆ. ಬಿರುಕಿನಿಂದ ನುಸುಳುವ ಗಾಳಿ ಬರಿಗೈಯಲ್ಲಿ ಬರುತ್ತದೆ. ಅದರಿಂದ ಮಿಶ್ರಣ ತೆಳುವಾಗುತ್ತದೆ. ರಿಪೇರಿಯವರ ಮಾತಿನಲ್ಲಿ ‘ಲೀನ್’ ಆಗುತ್ತದೆ. ಇಂಧನ ಕಡಿಮೆಯಾದರೆ ಬಲವೊಂದೇ ಕಡಿಮೆಯಾಗುವುದಿಲ್ಲ. ಎಣ್ಣೆಯೂ ಇಂಧನದೊಳಗೆಯೇ ಇದೆಯೆಂಬುದನ್ನು ಮರೆಯಬಾರದು. ಇಂಧನದೊಡನೆ ಎಣ್ಣೆಯೂ ಕಡಿಮೆ. ಮೆಥನಾಲು ಆವಿಯಾಗುವಾಗ ಕೊಡುವ ತಂಪೂ ಕಡಿಮೆ. ಒಳಗೆ ಕಾವು ಏರುತ್ತದೆ, ಲೋಹ ಲೋಹವನ್ನು ಉಜ್ಜುತ್ತದೆ. ಈ ಎಂಜಿನ್ನಿನ ಪಿಸ್ಟನ್ನಿಗೆ ದೊಡ್ಡ ಎಂಜಿನ್ನುಗಳಲ್ಲಿರುವ ಉಂಗುರಗಳೂ ಇಲ್ಲ. ಅಲ್ಯುಮಿನಿಯಂ ಪಿಸ್ಟನ್ನು, ಕ್ರೋಮಿಯಂ ಲೇಪದ ಹಿತ್ತಾಳೆಯ ತೋಳು: ಇವೆರಡರ ನಡುವಿನ ಬಿಗಿಯೇ ಅದರ ಪ್ರಾಣ. ಒಮ್ಮೆ ಆ ಬಿಗಿ ಸವೆದು ಹೋಯಿತೆಂದರೆ ಯಾವ ಅಂಟೂ ಅದನ್ನು ಮರಳಿ ತರಲಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಕಾಯಿಲೆಯ ಲಕ್ಷಣಗಳು

ಸೋರಿಕೆಯ ಎಂಜಿನ್ನಿಗೆ ಒಂದು ವಿಶಿಷ್ಟ ಚಾಳಿಯಿದೆ. ಪೂರ್ತಿ ವೇಗದಲ್ಲಿ ಅದು ಸಂಭಾವಿತನಂತೆ ಓಡುತ್ತದೆ. ವೇಗ ತಗ್ಗಿಸಿ ನಿಲ್ಲೆಂದರೆ ಮಾತ್ರ ನಿಲ್ಲುವುದಿಲ್ಲ. ಥ್ರಾಟಲ್ ಪೂರ್ತಿ ಮುಚ್ಚಿದ್ದರೂ ಕೆಲವು ಕ್ಷಣ ಕಿರುಚುತ್ತಲೇ ಇದ್ದು, ಬಳಿಕ ಮನಸ್ಸು ಬಂದಾಗ ಇಳಿಯುತ್ತದೆ. ಇದರ ಕಾರಣ ಸರಳವಾಗಿದೆ. ಪೂರ್ತಿ ತೆರೆದ ಕಾರ್ಬ್ಯುರೇಟರಿನ ಬಾಯಿಯ ಮುಂದೆ ಕೂದಲೆಳೆಯ ಬಿರುಕು ಲೆಕ್ಕಕ್ಕೆ ಬಾರದು. ಆದರೆ ನಿಧಾನಗತಿಯಲ್ಲಿ ಆ ಬಾಯಿ ತೆರೆದಿರುವುದು ಸುಮಾರು 1 ಮಿಲಿಮೀಟರಿನಷ್ಟು, ಇಲ್ಲವೇ ಅದಕ್ಕೂ ಕಡಿಮೆ. ಆಗ ಆ ಬಿರುಕೇ ಎರಡನೆಯ ಬಾಗಿಲಾಗಿಬಿಡುತ್ತದೆ. ಹೆಬ್ಬಾಗಿಲನ್ನು ಭದ್ರವಾಗಿ ಮುಚ್ಚಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಮನೆಯಂತೆ.

ಎರಡನೆಯ ಲಕ್ಷಣ, ಚಂಚಲತೆ. ಬೆಳಿಗ್ಗೆ ಸರಿಪಡಿಸಿದ ಹದ ಸಂಜೆಗೆ ಇರುವುದಿಲ್ಲ. ಎಂಜಿನ್ ತಣ್ಣಗಿದ್ದಾಗ ಒಂದು ರೀತಿ, ಬಿಸಿಯಾದಾಗ ಇನ್ನೊಂದು ರೀತಿ. ಮೂರನೆಯದು, ಅತಿಯಾದ ಕಾವು. ಸಾಮಾನ್ಯವಾಗಿ ಎಂಜಿನ್ನಿನ ತಲೆಯ ಉಷ್ಣತೆ 95ರಿಂದ 130 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಅದನ್ನು ದಾಟಿ ಏರುತ್ತಿದ್ದರೆ ಅಪಾಯ ಸಮೀಪಿಸಿತೆಂದೇ ತಿಳಿಯತಕ್ಕದ್ದು. ನಾಲ್ಕನೆಯದು ಪತ್ತೇದಾರರಿಗೆ ಪ್ರಿಯವಾದುದು: ಧೂಳಿನ ಸಾಕ್ಷ್ಯ. ಒಳಗೆ ಗಾಳಿ ಬರುವ ಬಿರುಕಿನಿಂದ ಒತ್ತಡ ಏರಿದಾಗ ಎಣ್ಣೆಯೂ ಹೊರಗೆ ಒಸರುತ್ತದೆ. ಒಸರಿದ ಎಣ್ಣೆಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಎಂಜಿನ್ನನ್ನು ಚೊಕ್ಕಟವಾಗಿ ಒರೆಸಿ, ಒಂದು ಟ್ಯಾಂಕಿನಷ್ಟು ಓಡಿಸಿ ನೋಡಿದರೆ, ಯಾವ ಸಂದಿಯ ಸುತ್ತ ಕಪ್ಪು ಕೆಸರಿನ ಮೀಸೆ ಮೂಡಿದೆಯೋ ಅಲ್ಲಿ ಮೊದಲು ವಿಚಾರಣೆ ನಡೆಸಬೇಕು.

ಇಲ್ಲಿಯೇ ಬಹುಮಂದಿ ದಾರಿ ತಪ್ಪುವುದು. ಕಾರ್ಬ್ಯುರೇಟರಿನಲ್ಲಿ ಇಂಧನದ ಹರಿವನ್ನು ಹೆಚ್ಚು ಕಡಿಮೆ ಮಾಡುವ ಸೂಜಿಗಳಿವೆ. ಎಂಜಿನ್ ಕಿರುಚಿದೊಡನೆ ಒಡೆಯನ ಕೈ ಸ್ಕ್ರೂಡ್ರೈವರಿಗೆ ಹೋಗುತ್ತದೆ. ಸೂಜಿಯನ್ನು ಬಿಚ್ಚಿ ಇಂಧನ ಹೆಚ್ಚಿಸುತ್ತಾನೆ. ಎಂಜಿನ್ ಉಸಿರುಕಟ್ಟಿ ಆರುತ್ತದೆ. ಮತ್ತೆ ಬಿಗಿಸುತ್ತಾನೆ, ಮತ್ತೆ ಕಿರುಚುತ್ತದೆ. ಬಿಚ್ಚು, ಬಿಗಿಸು, ಪ್ಲಗ್ ಬದಲಿಸು, ಇಂಧನದ ಡಬ್ಬಿ ಬದಲಿಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ! ಕಿಂಡಿ ತೆರೆದಿರುವವರೆಗೆ ಸೂಜಿ ತಿರುಗಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಷ್ಟೇ ಫಲಕಾರಿ. ಈ ಅವಾಂತರದಲ್ಲಿ ಎಂಜಿನ್ ತೆಳು ಮಿಶ್ರಣದಲ್ಲಿ ಓಡುತ್ತಲೇ ಇರುತ್ತದೆ. ಒಂದು ಭಾನುವಾರದ ಸಂಜೆಯೊಳಗೆ ಪಿಸ್ಟನ್ನು ಸವೆದು, ಹೊಸ ಎಂಜಿನ್ನಿಗೆ ಹಣ ಎಣಿಸಬೇಕಾಗುತ್ತದೆ. ಕಾಸಿನ ಉಂಗುರದ ತಪ್ಪಿಗೆ ಎಂಜಿನ್ನೇ ತಲೆದಂಡ.

ನ್ಯಾಯವಾಗಿ ಮತ್ತೊಂದು ಮಾತನ್ನೂ ಹೇಳಬೇಕು. ಕಿರುಚಿದ ಎಂಜಿನ್ನುಗಳೆಲ್ಲ ಸೋರುವ ಎಂಜಿನ್ನುಗಳಲ್ಲ. ಥ್ರಾಟಲಿನ ಕಡ್ಡಿ ಎಲ್ಲಾದರೂ ಸಿಕ್ಕಿಕೊಂಡು ಬಾಯಿ ಪೂರ್ತಿ ಮುಚ್ಚದೆ ಇರಬಹುದು. ನಿಧಾನಗತಿಯ ಸ್ಕ್ರೂ ಹೆಚ್ಚು ತೆರೆದಿರಬಹುದು. ಇವನ್ನು ಕಣ್ಣಾರೆ ನೋಡಿ ಸರಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಸೋರಿಕೆಯ ಮೇಲೆ ಆರೋಪ ಹೊರಿಸುವುದು ಧರ್ಮ.

ಪಂಕ್ಚರ್ ಅಂಗಡಿಯ ವಿದ್ಯೆ

ಕಾಣದ ಕಿಂಡಿಯನ್ನು ಕಾಣುವಂತೆ ಮಾಡುವುದು ಹೇಗೆ? ಉತ್ತರ ಯಾವುದೇ ಊರಿನ ಸೈಕಲ್ ಶಾಪಿನಲ್ಲಿದೆ. ಟ್ಯೂಬಿಗೆ ಗಾಳಿ ತುಂಬಿ ಬಾನಿಯ ನೀರಿನಲ್ಲಿ ಅದ್ದಿದರೆ ಗುಳ್ಳೆಗಳು ಎದ್ದು ತೂತಿನ ವಿಳಾಸ ಹೇಳುತ್ತವೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ ಎಂಬಂತೆ, ಎಷ್ಟು ಗುಟ್ಟಿನ ಸೋರಿಕೆಯಾದರೂ ನೀರಿನ ಬಾನಿಯಲ್ಲಿ ಸಿಕ್ಕಿಬೀಳಲೇಬೇಕು.

ಎಂಜಿನ್ನನ್ನು ಲಾರಿಯಿಂದ ಬಿಚ್ಚಿ, ಹೊರಮೈಯ ಮಣ್ಣನ್ನೆಲ್ಲ ತೊಳೆದ ತರುವಾಯ ಹೊಗೆ ಹೋಗುವ ಬಾಯಿಯನ್ನು ರಬ್ಬರ್ ಬಿರಡೆಯಿಂದ ಮುಚ್ಚಬೇಕು. ಇಂಧನ ಬರುವ ಮೊಲೆಗೊಳವೆಗೆ ಚಿಕ್ಕ ಟ್ಯೂಬನ್ನು ಸಿಕ್ಕಿಸಿ ಅದನ್ನು ಗಂಟು ಹಾಕಬೇಕು. ಥ್ರಾಟಲನ್ನು ಪೂರ್ತಿ ತೆರೆದು, ಕಾರ್ಬ್ಯುರೇಟರಿನ ಬಾಯಿಗೆ ಬಿಗಿಯಾದ ರಬ್ಬರ್ ಕೊಳವೆಯನ್ನು ಕೂಡಿಸಿ, ಅದರ ಇನ್ನೊಂದು ತುದಿಯಿಂದ ಗಾಳಿ ಒತ್ತಬೇಕು. ಒತ್ತುವುದು ದೊಡ್ಡ ಸಿರಿಂಜಿನಿಂದಾಗಲಿ ರಬ್ಬರ್ ಬುರುಡೆಯಿಂದಾಗಲಿ ಆಗಬೇಕೇ ಹೊರತು ಬಾಯಿಯಿಂದಲ್ಲ. ಅದರ ಕಾರಣವನ್ನು ಮುಂದೆ ನೋಡಬಹುದು. ಈಗ ಎಂಜಿನ್ನನ್ನು ನೀರಿನಲ್ಲಿ ಮುಳುಗಿಸಿ ಫ್ಲೈವೀಲನ್ನು ಬೆರಳಿನಿಂದ ಮೆಲ್ಲನೆ ತಿರುಗಿಸುತ್ತಾ ಹೋಗಬೇಕು. ತಿರುಗಿಸಬೇಕಾದುದೇಕೆಂದರೆ, ಕ್ರ್ಯಾಂಕಿನ ಟೊಳ್ಳಿಗೆ ಒಂದು ಕಿಟಕಿಯಿದ್ದು ಅದು ಸುತ್ತಿನ ಒಂದು ಭಾಗದಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ಕಾರ್ಬ್ಯುರೇಟರಿನ ಕತ್ತಿನ ಸೋರಿಕೆ ಯಾವ ಸ್ಥಾನದಲ್ಲಿಯೂ ಕಾಣುತ್ತದೆ. ಹಿಂಬದಿಯ ಮುಚ್ಚಳದ ಸೋರಿಕೆ ಆ ಕಿಟಕಿ ತೆರೆದಾಗ ಮಾತ್ರ ಗುಳ್ಳೆಯಾಗಿ ಬಾಯಿ ಬಿಡುತ್ತದೆ.

ಪರೀಕ್ಷೆ ಮುಗಿದೊಡನೆ ನೀರನ್ನೆಲ್ಲ ಹೊರಹಾಕಿ, ಒಣಗಿಸಿ, ಒಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಕೆಲವು ಸುತ್ತು ತಿರುಗಿಸಬೇಕು. ಬೇರಿಂಗುಗಳು ಉಕ್ಕಿನವು, ಒಂದು ರಾತ್ರಿಯ ತೇವ ಸಾಕು, ತುಕ್ಕು ಹಿಡಿಯಲು. ಮೆಥನಾಲಿಗೂ ಗಾಳಿಯ ತೇವವನ್ನು ಹೀರುವ ಸ್ವಭಾವವಿರುವುದರಿಂದ ಈ ಎಣ್ಣೆಯ ಉಪಚಾರವನ್ನು ಆಟ ಮುಗಿದ ಪ್ರತಿ ದಿನವೂ ಮಾಡಬೇಕಾದುದೇ ಸರಿ.

ಕಿಂಡಿಗಳೂ ಮದ್ದುಗಳೂ

ಹುಡುಕುವಾಗ ಅಗ್ಗದ್ದರಿಂದ ಮೊದಲು ಮಾಡಿ ದುಬಾರಿಯದಕ್ಕೆ ಹೋಗುವುದು ಜಾಣತನ. ಮೊದಲು ಇಂಧನದ ಕೊಳವೆ. ಇದು ಸಿಲಿಕೋನ್ ರಬ್ಬರಿನದು. ಬಿಸಿಯಾದ ಲೋಹಕ್ಕೆ ತಗುಲಿದ ಕಡೆ ಸೂಜಿಮೊನೆಯ ತೂತು ಬೀಳುತ್ತದೆ. ಪಾರದರ್ಶಕವಾಗಿದ್ದರೆ ಇಂಧನದೊಳಗೆ ಗುಳ್ಳೆಗಳು ಹರಿಯುವುದು ಕಣ್ಣಿಗೇ ಕಾಣುತ್ತದೆ. ತೇಪೆ ಹಾಕುವ ಜಿಪುಣತನ ಬೇಡ; ಹೊಸ ಕೊಳವೆ ಹಾಕುವುದೇ ಮೇಲು.

ಬಳಿಕ ಟ್ಯಾಂಕು. ಈ ಲಾರಿಯಲ್ಲಿ ಇಂಧನವನ್ನು ನೂಕಲು ಪಂಪು ಇಲ್ಲ. ಹೊಗೆಕೊಳವೆಯಿಂದ ಒಂದು ಸಣ್ಣ ನಳಿಕೆ ಟ್ಯಾಂಕಿಗೆ ಹೋಗಿ, ಹೊಗೆಯ ಒತ್ತಡವೇ ಇಂಧನವನ್ನು ಮುಂದಕ್ಕೆ ದೂಡುತ್ತದೆ. ಆದಕಾರಣ ಟ್ಯಾಂಕಿನ ಮುಚ್ಚಳದ ರಬ್ಬರು ಉಬ್ಬಿ ಸೊಟ್ಟಗಾಗಿದ್ದರೂ, ಹೊಗೆಕೊಳವೆಯ ಕೂಡಿಕೆ ಸಡಿಲವಾಗಿದ್ದರೂ ಒತ್ತಡ ಸೋರಿ ಎಂಜಿನ್ನಿಗೆ ಉಪವಾಸ ಬೀಳುತ್ತದೆ. ಎಂಜಿನ್ನಿನಿಂದ ಗೇಣು ದೂರದಲ್ಲಿರುವ ಮುಚ್ಚಳ ಎಂಜಿನ್ನನ್ನು ಸುಡಬಲ್ಲುದು ಎಂದರೆ ನಂಬುವುದು ಕಷ್ಟ, ಆದರೂ ನಿಜ. ಟ್ಯಾಂಕನ್ನೂ ಒಂದು ಕೊಳವೆ ಮುಚ್ಚಿ, ಇನ್ನೊಂದರಿಂದ ಗಾಳಿ ಒತ್ತಿ ನೀರಿನಲ್ಲಿ ಅದ್ದಿ ನೋಡಬಹುದು.

ಮೂರನೆಯದು ತಲೆ. ಗ್ಲೋ ಪ್ಲಗ್ಗಿನ ಕೆಳಗಿರುವ ತಾಮ್ರದ ವಾಷರ್ ಚಪ್ಪಟೆಯಾಗಿ ಸವೆದಿದ್ದರೆ ಬದಲಿಸಬೇಕು. ತಲೆಯ ಕೆಳಗೆ ತೆಳುವಾದ ಲೋಹದ ಬಿಲ್ಲೆಗಳಿರುತ್ತವೆ. ಅವು ಎಷ್ಟಿದ್ದವೋ ಅಷ್ಟನ್ನೇ ಮರಳಿ ಇಡತಕ್ಕದ್ದು, ಏಕೆಂದರೆ ಒಳಗಿನ ಒತ್ತಡವನ್ನು ನಿರ್ಣಯಿಸುವುದು ಅವುಗಳ ದಪ್ಪವೇ. ಸ್ಕ್ರೂಗಳನ್ನು ಸಾಲಾಗಿ ಬಿಗಿಸದೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಸಬೇಕು. ಒಂದು ಕಡೆಯನ್ನೇ ಮೊದಲು ಬಿಗಿಸಿದರೆ ಇನ್ನೊಂದು ಕಡೆ ಬಾಯಿ ತೆರೆಯುತ್ತದೆ.

ನಾಲ್ಕನೆಯದೇ ಮುಖ್ಯ ಅಪರಾಧಿ: ಕಾರ್ಬ್ಯುರೇಟರಿನ ಕತ್ತು. ಕಾರ್ಬ್ಯುರೇಟರು ಕ್ರ್ಯಾಂಕ್ ಕೇಸಿನ ಕತ್ತಿನಲ್ಲಿ ಒಂದು ರಬ್ಬರ್ ಉಂಗುರದ ಮೇಲೆ ಕುಳಿತು, ಅಡ್ಡ ಹಾಯುವ ಬೋಲ್ಟಿನಿಂದ ಬಿಗಿಯಲ್ಪಟ್ಟಿರುತ್ತದೆ. ಉಂಗುರ ಗಡುಸಾದರೆ ಅಲ್ಲಿ ಗಾಳಿ. ಬೋಲ್ಟು ಹಾಯುವ ರಂಧ್ರದಿಂದಲೂ ಗಾಳಿ. ಮದ್ದು ಹೀಗೆ: ಹಳೆಯ ಉಂಗುರವನ್ನು ತೆಗೆದು ಎಸೆದು, ಎರಡೂ ಮೈಗಳನ್ನು ಸ್ಪಿರಿಟ್ಟಿನಿಂದ ಜಿಡ್ಡಿಲ್ಲದಂತೆ ಒರೆಸಿ, ಆ ಎಂಜಿನ್ನಿಗೆಂದೇ ಮಾಡಿದ ಹೊಸ ಉಂಗುರವನ್ನು ಕೂಡಿಸಬೇಕು. ಅಳತೆ ಸರಿಹೊಂದಿತೆಂದು ಸಿಕ್ಕಿದ ಉಂಗುರವನ್ನು ತುರುಕಿದರೆ ರಬ್ಬರಿನ ಜಾತಿ ಬೇರೆಯಾಗಿ ಇಂಧನದಲ್ಲಿ ಊದಿಕೊಂಡೀತು. ಬಿಸಿ ತಾಳುವ ಸಿಲಿಕೋನ್ ಅಂಟನ್ನು ಕತ್ತಿನ ಹೊರ ಅಂಚಿಗೂ ಬೋಲ್ಟಿನ ರಂಧ್ರಕ್ಕೂ ತೆಳ್ಳಗೆ ಸವರಿ, ಕಾರ್ಬ್ಯುರೇಟರನ್ನು ಕೆಳಕ್ಕೆ ಅದುಮಿ ಹಿಡಿದುಕೊಂಡೇ ಬೋಲ್ಟು ಬಿಗಿಸಬೇಕು. ‘ತೆಳ್ಳಗೆ’ ಎಂಬ ಮಾತಿಗೆ ಅಡಿಗೆರೆ ಎಳೆಯುವುದು ಒಳ್ಳೆಯದು. ಒಂದು ಎಳೆಯಷ್ಟು ಅಂಟು ಒಳಗೆ ಇಳಿದರೂ ಅದು ಕ್ರ್ಯಾಂಕಿನ ದಾರಿಯಲ್ಲಿ ಸೇರಿ ಸೋರಿಕೆಗಿಂತ ದೊಡ್ಡ ಕೇಡನ್ನು ಮಾಡಬಹುದು. ಬಳಿಕ ಒಂದು ಹಗಲು ಒಂದು ರಾತ್ರಿ ಒಣಗಲು ಬಿಡಬೇಕು. ಅಂಟು ಒಣಗುವುದಕ್ಕೆ ಮುಂಚೆಯೇ ಎಂಜಿನ್ ಹೊರಡಿಸುವ ಆತುರ ಎಷ್ಟೋ ರಿಪೇರಿಗಳನ್ನು ಕೆಡಿಸಿದೆ.

ಐದನೆಯದು ಹಿಂಬದಿಯ ಮುಚ್ಚಳ. ಹಗ್ಗ ಎಳೆದೋ ವಿದ್ಯುತ್ತಿನಿಂದಲೋ ಹೊರಡಿಸುವ ಏರ್ಪಾಡಿದ್ದರೆ ಅದರ ದಂಡ ಈ ಮುಚ್ಚಳದ ನಡುವೆ ಹಾಯುತ್ತದೆ. ದಂಡದ ಸುತ್ತ ಒಂದು ಉಂಗುರ, ಮುಚ್ಚಳದ ಸುತ್ತ ಇನ್ನೊಂದು, ಎರಡನ್ನೂ ನೋಡಬೇಕು. ಕಟ್ಟಕಡೆಯದು ಮುಂಬದಿಯ ಬೇರಿಂಗ್. ಇಲ್ಲಿ ಸ್ವಲ್ಪ ಎಣ್ಣೆ ಜಿನುಗುವುದು ಸಹಜ. ನಾಲ್ಕಾರು ಗುಳ್ಳೆಗಳನ್ನು ಕಂಡು ಗಾಬರಿಪಡಬೇಕಾಗಿಲ್ಲ. ಧಾರೆಯಾಗಿ ಹರಿಯುತ್ತಿದ್ದರೆ, ಇಲ್ಲವೇ ಕ್ರ್ಯಾಂಕು ಅಲ್ಲಾಡುತ್ತಿದ್ದರೆ ಬೇರಿಂಗ್ ಬದಲಿಸಬೇಕು. ಸುತ್ತಿಗೆಯಿಂದ ಬಡಿದು ತೆಗೆಯುವುದು ಒರಟು ವಿಧಾನ. ರಬ್ಬರು, ಪ್ಲಾಸ್ಟಿಕ್ಕುಗಳನ್ನೆಲ್ಲ ಬಿಚ್ಚಿ, ಇಂಧನದ ಲವಲೇಶವೂ ಉಳಿಯದಂತೆ ತೊಳೆದ ಬರಿಯ ಲೋಹದ ಕೇಸನ್ನು ಕಾಯಿಸಿದರೆ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗಿ, ಬೇರಿಂಗ್ ತಾನಾಗಿ ಸಡಿಲುತ್ತದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವ ಹಳ್ಳಿಯ ಕಮ್ಮಾರನಿಗೆ ಈ ಶಾಸ್ತ್ರ ಮೊದಲೇ ಗೊತ್ತಿದೆ.

ಎಲ್ಲವೂ ಮುಗಿದ ಮೇಲೆ ಸೂಜಿಗಳನ್ನು ತಯಾರಕರು ಹೇಳಿದ ಮೂಲಸ್ಥಾನಕ್ಕೆ ತಂದು, ದಟ್ಟ ಮಿಶ್ರಣದಿಂದಲೇ ಹೊರಡಬೇಕು. ಈಗ ಸೂಜಿಯ ಮಾತನ್ನು ಎಂಜಿನ್ ಕೇಳುತ್ತದೆ. ಕಾಲು ಸುತ್ತಿಗೆ ಕಾಲು ಸುತ್ತಿನ ಉತ್ತರ ಕೊಡುತ್ತದೆ. ಕಿಂಡಿ ಮುಚ್ಚಿತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣಪತ್ರ ಬೇಡ.

ಕಾಣದ ಬೆಂಕಿ

ಬಾಯಿಯಿಂದ ಊದಬಾರದೆಂದು ಹೇಳಿದುದರ ಕಾರಣ ಮೆಥನಾಲು. ಅದು ವಿಷ. ಎರಡು ಚಮಚದಷ್ಟು ಹೊಟ್ಟೆಗೆ ಹೋದರೂ ಕಣ್ಣು ಶಾಶ್ವತವಾಗಿ ಹೋಗಬಹುದು. ಇನ್ನಷ್ಟು ಹೋದರೆ ಪ್ರಾಣವೇ ಹೋಗಬಹುದು. ಚರ್ಮದಿಂದಲೂ ಉಸಿರಿನಿಂದಲೂ ಅದು ಮೈಯನ್ನು ಸೇರಬಲ್ಲುದು. ಇದನ್ನು ಬೆಂಗಳೂರಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1981ರ ಜುಲೈ ತಿಂಗಳಲ್ಲಿ ಮೆಥನಾಲು ಬೆರೆತ ಅಗ್ಗದ ಹೆಂಡ ಕುಡಿದು ಆ ನಗರದಲ್ಲಿ ಮುನ್ನೂರಕ್ಕೂ ಹೆಚ್ಚು ಬಡಜನರು ಸತ್ತರು. ಆಟದ ಲಾರಿಯ ಡಬ್ಬಿಯಲ್ಲಿರುವುದೂ ಅದೇ ದ್ರವ. ಮಕ್ಕಳಿರುವ ಮನೆಯಲ್ಲಿ ಅದನ್ನು ಶರಬತ್ತಿನ ಸೀಸೆಗೆ ಸುರಿದಿಡುವುದು ಅಕ್ಷಮ್ಯ ಅಪರಾಧ.

ಅದರ ಇನ್ನೊಂದು ಮಾಯೆ, ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದೇ ಕಷ್ಟ. ಅದೇ 1981ರ ಮೇ ತಿಂಗಳಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ಕಾರಿಗೆ ಇಂಧನ ತುಂಬುವಾಗ ಮೆಥನಾಲು ಚೆಲ್ಲಿ ಬೆಂಕಿ ಹೊತ್ತಿತು. ನೋಡುವವರಿಗೆ ಬೆಂಕಿ ಕಾಣಲಿಲ್ಲ. ಜನ ಕೈಕಾಲು ಬಡಿಯುತ್ತಾ ಓಡಾಡುವುದು ಮಾತ್ರ ಕಂಡಿತು. ಚಾಲಕ ರಿಕ್ ಮಿಯರ್ಸ್‌ನ ಮುಖ ಸುಟ್ಟಿತು. ಇಂಥ ದ್ರವ ಬಿಸಿ ಎಂಜಿನ್ನಿನ ಪಕ್ಕದ ಟ್ಯಾಂಕಿನಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತಿದ್ದರೆ ಅದು ಎಂಜಿನ್ನಿನ ಯೋಗಕ್ಷೇಮದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತ ಮಗುವಿನ ಮುಖದ ಪ್ರಶ್ನೆಯಾಗುತ್ತದೆ. ರಿಪೇರಿ ನಡೆಯಬೇಕಾದುದು ಗಾಳಿಯಾಡುವ ಕಡೆ, ಒಲೆ ದೀಪಗಳಿಂದ ದೂರ, ಕೈಗೆ ಗವಸು ತೊಟ್ಟು.

ಉಂಗುರದ ಮಹಿಮೆ

ಇಷ್ಟೆಲ್ಲ ಕೋಲಾಹಲಕ್ಕೆ ಕಾರಣವಾದ ರಬ್ಬರ್ ಉಂಗುರಕ್ಕೂ ಒಂದು ಚರಿತ್ರೆಯಿದೆ. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ನೀಲ್ಸ್ ಕ್ರಿಸ್ಟೆನ್ಸನ್ ಎಂಬ ಶಿಲ್ಪಿ ಇದಕ್ಕೆ 1939ರಲ್ಲಿ ಪೇಟೆಂಟ್ ಪಡೆದನು. ಒಂದು ತೋಡು, ಅದರಲ್ಲಿ ಸ್ವಲ್ಪ ಅದುಮಿದಂತೆ ಕುಳಿತ ಉಂಗುರ. ಅಷ್ಟೇ ಅದರ ಯಂತ್ರರಹಸ್ಯ. ಒತ್ತಡ ಬಂದಂತೆಲ್ಲ ಅದು ಗೋಡೆಗೆ ಇನ್ನಷ್ಟು ಆತುಕೊಳ್ಳುತ್ತದೆ. ಅದರ ಬಲವೆಲ್ಲ ಗಟ್ಟಿತನದಲ್ಲಿಲ್ಲ, ಮೆತ್ತಗಿರುವುದರಲ್ಲಿದೆ. ಗಡುಸಾದ ದಿನ ಅದು ಸತ್ತಂತೆಯೇ.

ಈ ಸತ್ಯಕ್ಕೆ ಲೋಕ ತೆತ್ತ ಬೆಲೆ ದೊಡ್ಡದು. 1986ರ ಜನವರಿ 28ರಂದು ‘ಚಾಲೆಂಜರ್’ ವ್ಯೋಮನೌಕೆ ಮೇಲೆದ್ದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಮಡಿದರು. ಆ ಬೆಳಗಿನ ಕೊರೆಯುವ ಚಳಿಯಲ್ಲಿ ರಾಕೆಟ್ಟಿನ ಒಂದು ಕೂಡಿಕೆಯಲ್ಲಿದ್ದ ಇಂಥದೇ ಉಂಗುರ ತನ್ನ ಮೆತ್ತನೆಯ ಗುಣವನ್ನು ಕಳೆದುಕೊಂಡು ಬಿಸಿ ಅನಿಲಕ್ಕೆ ದಾರಿ ಬಿಟ್ಟಿತ್ತು. ಆ ವರ್ಷದ ಫೆಬ್ರವರಿಯಲ್ಲಿ ವಿಚಾರಣಾ ಸಮಿತಿಯ ಮುಂದೆ ಭೌತವಿಜ್ಞಾನಿ ರಿಚರ್ಡ್ ಫೈನ್ಮನ್ ಅಂಥ ರಬ್ಬರಿನ ತುಂಡೊಂದನ್ನು ಅದುಮಿ, ಮಂಜುಗಡ್ಡೆಯ ನೀರಿನ ಲೋಟದಲ್ಲಿ ಅದ್ದಿ ತೆಗೆದು, ಅದು ಮೊದಲಿನಂತೆ ಪುಟಿಯದಿರುವುದನ್ನು ಎಲ್ಲರ ಕಣ್ಣಿಗೆ ತೋರಿಸಿದನು. ರಾಶಿ ರಾಶಿ ಕಡತಗಳು ಬಿಡಿಸಿ ಹೇಳಲಾರದ ಮಾತನ್ನು ಒಂದು ಲೋಟ ನೀರು ಹೇಳಿತು.

ವ್ಯೋಮನೌಕೆಯೂ ಆಟದ ಲಾರಿಯೂ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ ನಿಜ. ಆದರೆ ಎರಡರ ಪಾಠವೂ ಒಂದೇ. ಯಂತ್ರ ಹಟ ಹಿಡಿದಾಗ ಗದರಿಸುವುದಕ್ಕೆ ಮುಂಚೆ ಅದರ ಸಂದುಗಳನ್ನು ನೋಡಬೇಕು. ಸೂಜಿಗೆ ಕೈ ಹಾಕುವ ಮೊದಲು ಉಂಗುರವನ್ನು ವಿಚಾರಿಸಬೇಕು. ಈ ಕ್ರಮವನ್ನು ತಿಳಿದವನಿಗೆ ಒಂದು ಬಾನಿ ನೀರು, ಒಂದು ಸಿರಿಂಜು, ಒಂದು ದಿನದ ತಾಳ್ಮೆ ಸಾಕು. ತಿಳಿಯದವನಿಗೆ ಒಂದು ಅಂಗಡಿಯ ತುಂಬ ಎಂಜಿನ್ನುಗಳಿದ್ದರೂ ಸಾಲವು.